ತುಂಬಿದ್ದ ಡ್ರಮ್ಮು

ಬೀರುವಿನ ಬೀಗ ಮುರಿದಿತ್ತು. ಹಿತ್ತಲ ಬಾಗಿಲು ತೆರೆದಿತ್ತು. ಬಟ್ಟೆಬರೆ, ಪಾತ್ರೆ, ಹೊಲಿಗೆ ಯಂತ್ರ ಎಲ್ಲ ಇದ್ದಲ್ಲೇ ಇದ್ದವು. ಬೀರುವಿನಲ್ಲಿದ್ದ ಸುಟ್ಟ ಸೀರೆಯೊಂದೇ ಇರಲಿಲ್ಲ.

ಭಾನುವಾರದ ಆರಾಧನೆ ಮುಗಿಸಿ ಬಂದ ಸಲೋಮಮ್ಮ ಠಾಣೆಗೆ ಫೋನ್ ಮಾಡಿ ಕಳವಿನ ದೂರು ಕೊಟ್ಟರು. ಸಂಡೂರಿನ ಗಣಿ ಕಂಪನಿಯೊಂದರಲ್ಲಿ ಫೈನಾನ್ಸ್ ಮ್ಯಾನೇಜರ್ ಆಗಿ ನಿವೃತ್ತರಾದವರು. ಸುಮ್ಮನೆ ಕೂರುವ ಜಾತಿಯಲ್ಲ. ಚರ್ಚಿನ ಕೆಲಸ ಮೈಮೇಲೆ ಹಾಕಿಕೊಂಡಿದ್ದಲ್ಲದೆ, ಗಂಡನ ಏಟು ತಾಳದೆ ಬಂದ ಹೆಂಗಸರಿಗಾಗಿ ಚಿತ್ತವಾಡ್ಗಿಯಲ್ಲಿ ಈ ಬಾಡಿಗೆ ಮನೆ ಹಿಡಿದಿದ್ದರು.

ಈಗ ಇಲ್ಲಿ ಮೂವರು. ಇಬ್ಬರು ನಸುಕಿನಲ್ಲೇ ಹಂಪಿಯ ಹೋಟೆಲ್ ಕೆಲಸಕ್ಕೆ ಹೋಗಿದ್ದರು. ಮೂರನೆಯವಳು ಪಲ್ಲವಿ. ಕಂಪ್ಲಿಯ ತವರಿಗೆ ಶನಿವಾರ ಹೋದವಳು, ಮಧ್ಯಾಹ್ನದ ಬಸ್ಸಿಗೆ ಈಗಷ್ಟೇ ಬಂದೆನೆಂದು ಚೀಲ ಹಿಡಿದೇ ನಿಂತಿದ್ದಳು. ಸೀರೆ ಅವಳದೇ. ಗಂಡ ಮುರುಗೇಶ ಸೆರಗಿಗೆ ಬೆಂಕಿ ಹಚ್ಚಿದಾಗ ಮೈಗೆ ತಾಗುವ ಮೊದಲೇ ಕಿತ್ತೆಸೆದು ಉಳಿದುಕೊಂಡಿದ್ದಳು. ನಾಳೆ ಅವನ ಮೇಲೆ ದೂರು ಕೊಡುವುದಿತ್ತು. ಸಾಕ್ಷಿ ಎಂದು ಇದ್ದದ್ದು ಆ ಸೀರೆಯೊಂದೇ.

ಸಬ್ ಇನ್ಸ್‌ಪೆಕ್ಟರ್ ಮಾಲತೇಶ್ ಬಂದರು. ಎದುರುಮನೆಯ ಸುವರ್ಣಮ್ಮ ಕೇಳುವ ಮೊದಲೇ ಹೇಳಿದಳು:

"ಹತ್ತರ ಸುಮಾರಿಗೆ ನಳ ಬಂತ್ರಿ, ಭಾಳ ದಿನಕ್ಕ. ಕೊಡ ಇಟಗೊಂಡು ಹೊರಗ ಕುಂತಿದ್ದೆ. ಮುರುಗೇಶ ಆಟೋ ನಿಲ್ಲಿಸಿ ಈ ಗೇಟನ್ನ ನೋಡ್ತಿದ್ದ."

"ಮುಗೀತಲ್ರಿ ಮೇಡಂ," ಎಂದರು ಮಾಲತೇಶ್.

ಸಂಜೆಯೊಳಗೆ ಮುರುಗೇಶ ಠಾಣೆಯಲ್ಲಿದ್ದ.

* * *

ಸಲೋಮಮ್ಮನಿಗೆ ಬಾಯಾರಿತ್ತು. ಅಡುಗೆಮನೆಗೆ ಹೋದವರು ಡ್ರಮ್ಮಿನ ಮುಚ್ಚಳ ತೆಗೆದು ಹಾಗೇ ನಿಂತರು. ಬೆಳಿಗ್ಗೆ ಮನೆಗೆ ಬೀಗ ಹಾಕುವಾಗ ತಳ ಕಾಣುತ್ತಿತ್ತು. ಈಗ ಕಂಠಮಟ್ಟ ನೀರು. ಯಾರೋ ನಳವನ್ನು ಭದ್ರವಾಗಿ ತಿರುಗಿಸಿ ನಿಲ್ಲಿಸಿದ್ದರು. ಅದರ ಬಾಯಿಗೆ ಎರಡು ಮಡಿಕೆಯ ಬಿಳಿ ಬಟ್ಟೆ ಕಟ್ಟಿತ್ತು, ಇನ್ನೂ ಒದ್ದೆ.

ಅವರು ಪಲ್ಲವಿಯನ್ನು ಕರೆದರು.

"ಸೀರಿ ಎಲ್ಲೈತವ್ವ?"

ಪಲ್ಲವಿ ಡ್ರಮ್ಮಿನತ್ತ ನೋಡಿದಳು.

"ಹತ್ತಕ್ಕ ನೀರು ಬಂದಾಗ ಈ ಮನಿಗೆ ಬೀಗ. ಕದಿಯಾಕ ಬಂದವರು ಡ್ರಮ್ಮು ತುಂಬಿಸಿ, ಮುಚ್ಚಳ ಮುಚ್ಚಿ ಹೋಗ್ಯಾರ. ಮುರುಗೇಶ ಮನಿಯಾಗ ಕುಡಿಯೋ ನೀರೂ ಎದ್ದು ತಗೊಂಡವನಲ್ಲಂತ ನೀನ ಹೇಳೀದಿ. ಈ ಓಣಿಯಾಗ ಹರಿಯೋ ನಳ ಬಿಟ್ಟು ಹೋಗಾಕ ಯಾವ ಹೆಂಗಸಿಗೂ ಮನಸ್ಸು ಬರಂಗಿಲ್ಲ. ಆದ್ರ ನೀರು ಸೋಸಾಕ ನಳಕ್ಕ ಬಟ್ಟಿ ಕಟ್ಟೋದು ಈ ಮನಿಯಾಗ ನೀ ಒಬ್ಬಾಕಿ. ನೀ ಬಂದದ್ದು ಮುಂಜಾನಿ ಬಸ್ಸಿಗೆ."

ಪಲ್ಲವಿ ಗೋಡೆಗೊರಗಿ ಕುಳಿತಳು.

"ಕಾಲುವಿಗೆ ಬಿಟ್ಟೆನ್ರಿ ಅಮ್ಮ. ಬೀಗ ಮುರಿಯಾಕತ್ತಿದ್ದೆ, ನೀರಿನ ಸಪ್ಪಳ ಕೇಳ್ತು. ಕೈ ತಡೀಲಿಲ್ಲ."

"ಯಾಕವ್ವ? ಅವನ ಹತ್ರ ಹೋಗಾಕೇನು?"

"ಸತ್ರೂ ಹೋಗಂಗಿಲ್ಲ. ಆದ್ರ ಆ ಸೀರಿ ಹಿಡಕೊಂಡು ಠಾಣೆ, ಕೋರ್ಟು ಅಂತ ಹತ್ತು ಮಂದಿ ಮುಂದ ನಿಂದ್ರಾಕ ನನಗಾಗಂಗಿಲ್ರಿ. ಅನ್ನ ಹಾಕಿದವರು ನೀವು. ನಿಮಗ ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ."

ಆ ಮಾತು ಸಲೋಮಮ್ಮನಿಗೆ ಚುರುಕ್ಕೆಂದಿತು. ದೂರು ಕೊಡು, ಕೊಡು ಎಂದು ಬೆನ್ನು ಹತ್ತಿದವರು ಅವರೇ. ನಿನಗೆ ಇಷ್ಟವಿದೆಯೇ ಎಂದು ಒಮ್ಮೆಯೂ ಕೇಳಿರಲಿಲ್ಲ. ದೀಪದ ಬುಡದಲ್ಲೇ ಕತ್ತಲು.

"ಅಂವ ಒಳಗಾ ಇರ್ಲಿ ಬಿಡ್ರಿ," ಪಲ್ಲವಿ ಮೆಲ್ಲಗೆ ಅಂದಳು. "ಮಾಡಿದ್ದಕ್ಕ ಶಿಕ್ಷೆ ಆಗಲಿಲ್ಲ. ಮಾಡಲಾರದ್ದಕ್ಕಾದ್ರೂ ಆಗ್ಲಿ."

ಸಲೋಮಮ್ಮನಿಗೂ ಹಾಗೇ ಅನ್ನಿಸಿತು. ಸುಮ್ಮನಿದ್ದರೆ ಸಾಕಿತ್ತು. ಆದರೆ ಸುಳ್ಳುಸಾಕ್ಷಿ ಹೇಳಬಾರದೆಂದು ಚರ್ಚಿನ ಮಕ್ಕಳಿಗೆ ವರ್ಷಗಟ್ಟಲೆ ಪಾಠ ಹೇಳಿದ ಬಾಯಿ ಅದು. ಚಪ್ಪಲಿ ಮೆಟ್ಟಿ ಠಾಣೆಗೆ ಹೊರಟರು.

* * *

"ಬೀಗ ಮುರಿದವರು ನಮ್ಮ ಮನಿಯವರು. ಕಳವಿನ ದೂರು ವಾಪಸ್ ತಗೋತೀನಿ," ಎಂದರು ಮಾಲತೇಶರಿಗೆ.

ಅವರು ಪೆನ್ನು ಕೆಳಗಿಟ್ಟರು. "ಪಲ್ಲವೀನಾ?"

"ಹೌದು. ಡ್ರಮ್ಮು ಹೇಳ್ತು."

ಮಾಲತೇಶ್ ಮತ್ತೇನೂ ಕೇಳದೆ ಮುರುಗೇಶನನ್ನು ಬಿಟ್ಟರು. ಹೊರಗೆ ಬಂದವನೇ ಬಗ್ಗಿ ಸಲೋಮಮ್ಮನ ಕಾಲು ಮುಟ್ಟಿದ.

"ನಿಮ್ಮಂಥವರು ಇರೋದಕ್ಕ ಮಳಿ ಬೆಳಿ ಆಗ್ತಾವ್ರಿ ಅಮ್ಮ." ಆಮೇಲೆ ದನಿ ತಗ್ಗಿಸಿದ. "ಪಲ್ಲವಿ ಆ ಮನಿಯಾಗ ಅದಾಳಲ್ರಿ?"

ಸಲೋಮಮ್ಮ ಅವನ ಕಣ್ಣಲ್ಲಿ ಕಣ್ಣಿಟ್ಟರು.

"ಇಲ್ಲಪ್ಪ. ಆಕಿ ಊರು ಬಿಟ್ಟು ಹೋದ್ಲು."

ಇಡೀ ದಿನ ಆಡಿದ ಮಾತುಗಳಲ್ಲಿ ಆಯಾಸವಿಲ್ಲದೆ ಬಂದದ್ದು ಅದೊಂದೇ.