ಬಿಟ್ಟುಹೋದ ಪಿನ್ನು

ಹವಾಮಾನ ಓದುವವನು ಆಗಷ್ಟೇ ಬಾಯಿ ತೆರೆದಿದ್ದ. ಪರದೆಯಿಂದ ಅವನು ಮಾಯವಾದ. ಅವನ ಜಾಗದಲ್ಲಿ ಮೇಕಪ್ ಕೋಣೆ — ಅಲ್ಲಿ ವಾರ್ತಾವಾಚಕಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ನೇರ ಪ್ರಸಾರ. ಊರಿಗೆ ಊರೇ ನೋಡಿತು.

ಯಾವ ಕ್ಯಾಮೆರಾದ ಚಿತ್ರ ಹೊರಹೋಗಬೇಕೆಂದು ಆರಿಸುವ ಸ್ವಿಚ್ಚಿನ ಪೆಟ್ಟಿಗೆಯ ಮುಂದಿದ್ದ ಆಪರೇಟರ್ ಬೆಚ್ಚಿಬಿದ್ದ. ಗುಂಡಿಯ ಮೇಲೆ ಗುಂಡಿ ಒತ್ತಿದ. ಹವಾಮಾನ ಮರಳಿತು, ಹೋದ ಮಾನ ಮರಳಲಿಲ್ಲ. ಅತ್ತವಳು ಅವನ ಅತ್ತಿಗೆ, ತೀರಿಹೋದ ಅಣ್ಣನ ಹೆಂಡತಿ. ಈ ಕೆಲಸ ಕೊಡಿಸಿದವಳೂ ಅವಳೇ.

ಮೇಕಪ್ ಕೋಣೆ ಹುಡುಕಿದರು. ಕನ್ನಡಿಯ ಚೌಕಟ್ಟಿನ ಮೇಲೆ, ಕಡಲೆಕಾಳಿನಷ್ಟು ಕ್ಯಾಮೆರಾ ಸಿಕ್ಕಿತು.

"ಇಟ್ಟೋನೂ ನೀನೇ, ತೋರಿಸಿದೋನೂ ನೀನೇ!" ಮ್ಯಾನೇಜರ್ ಗದರಿದ. "ಗುಂಡಿ ಮೇಲೆ ಬೇರೆ ಯಾರ ಕೈಯಿತ್ತು?"

"ಅತ್ತಿಗೆ, ನಿಮ್ಮಾಣೆಗೂ ನಾನಲ್ಲ!"

ಅತ್ತಿಗೆ ಅವನ ಮುಖ ನೋಡಲಿಲ್ಲ. "ಬೆಳಿಗ್ಗೆ ಮನೆ ಬಿಟ್ಟು ಹೋಗ್ತೀನಿ ಅಂತ ನೀನು ಹಾರಾಡಿದೆ. ಅದಕ್ಕೇ ನಾನು ಅಳ್ತಾ ಕೂತಿದ್ದೆ. ಅಷ್ಟು ಸಾಲಲಿಲ್ವಾ?"

ಹಿರಿಯ ಮೆಕ್ಯಾನಿಕ್ ಒಬ್ಬನೇ ಅವನ ಹತ್ತಿರ ಬಂದ. ಎಲ್ಲರಿಗೂ ಬೆಸುಗೆ ಹಾಕುವುದನ್ನು ಕಲಿಸಿದ್ದರಿಂದ ಅವನಿಗೆ ಮೇಷ್ಟ್ರು ಎಂದೇ ಹೆಸರು. "ತಪ್ಪು ಒಪ್ಕೊಂಡುಬಿಡಪ್ಪ. ಬೈದು ಬಿಟ್ಟಾರು."

ಒಪ್ಪಿಕೊಳ್ಳುವುದೇನನ್ನು? ಆಪರೇಟರನಿಗೆ ಕೂರಲೂ ಆಗದು, ನಿಲ್ಲಲೂ ಆಗದು. ನನಗೇ ತಿಳಿಯದೆ ಏನಾದರೂ ಒತ್ತಿದೆನೇ?

ಮಧ್ಯಾಹ್ನ ಆ ಪೆಟ್ಟಿಗೆಯನ್ನು ವಿನ್ಯಾಸ ಮಾಡಿದ ಇಂಜಿನಿಯರ್ ಬಂದಳು. ಬಂದವಳೇ ಅವನನ್ನು ಕೇಳಿದಳು:

"ಎಷ್ಟು ಗುಂಡಿ ಇವೆ?"

"ಎರಡು. ಸ್ಟುಡಿಯೋದ ಎರಡು ಕ್ಯಾಮೆರಾಕ್ಕೆ."

"ಮೇಕಪ್ ಕೋಣೆಗೆ?"

"ಅದಕ್ಕೆ... ಗುಂಡೀನೇ ಇಲ್ಲ, ಮೇಡಂ."

ಅವಳು ಮ್ಯಾನೇಜರನತ್ತ ತಿರುಗಿದಳು. "ಇಲ್ಲದ ಗುಂಡೀನ ಇವನು ಒತ್ತಿದ್ದು ಹೇಗೆ?"

ಮ್ಯಾನೇಜರ್ ಬಗ್ಗಿ ಗುಂಡಿ ಎಣಿಸಿದ. ಅವಳು ಪೆಟ್ಟಿಗೆಯ ಮುಚ್ಚಳ ತೆಗೆದು, ಭೂತಗನ್ನಡಿ ಹಿಡಿದು ಒಳಗಿನ ಚಿಪ್ಪಿನ ಸೂಜಿಕಾಲುಗಳ ಮೇಲೆ ಬಗ್ಗಿದಳು.

"ಚಿಪ್ಪಲ್ಲಿ ಒಂದು ಪಿನ್ ಬಿಟ್ಟಿದೆ."

"ಬಳಸದ ಪಿನ್ ತಾನೆ ಮೇಡಂ?" ಬಾಗಿಲ ಬಳಿಯಿಂದ ಮೇಷ್ಟ್ರು ನಕ್ಕ. "ಅದಿದ್ರೇನು, ಬಿಟ್ರೇನು?"

"ನೀವು ಈ ಪೆಟ್ಟಿಗೆ ಬಿಚ್ಚಿದ್ರಾ?"

"ಮುಟ್ಟೂ ಇಲ್ಲ!"

"ಇತ್ತೀಚೆಗೆ ಇಲ್ಲೇನಾದ್ರೂ ಕೆಲಸ ನಡೀತಾ?"

"ಹೋದ ವಾರ ಗೋಡೆಗೆ ಬಣ್ಣ ಹೊಡೆದ್ರು," ಎಂದ ಮ್ಯಾನೇಜರ್. "ಯಾಕೆ?"

ಅವಳು ನೆಟ್ಟಗೆ ನಿಂತಳು.

"ಈ ಚಿಪ್ಪು ನಾಲ್ಕು ಚಿತ್ರಗಳಲ್ಲಿ ಒಂದನ್ನ ಆರಿಸಿ ಹೊರಗೆ ಬಿಡುತ್ತೆ. ನಿಮಗೆ ಬೇಕಿದ್ದು ಎರಡೇ. ಅದಕ್ಕೇ ಮಿಕ್ಕೆರಡು ಚಿತ್ರದ ಪಿನ್ನುಗಳನ್ನೂ, ಅವನ್ನ ಆರಿಸೋ ಪಿನ್ನನ್ನೂ ತಾವಾಗೇ ಕೆಲಸ ಮಾಡದ ಹಾಗೆ ಗ್ರೌಂಡಿಗೆ ಬಿಗಿದಿದ್ದೆ. ಯಾರೋ ಖಾಲಿ ಪಿನ್ನಿಗೆ ಕಳ್ಳ ಕ್ಯಾಮೆರಾ ಬೆಸೆದಿದ್ದಾರೆ. ಆರಿಸೋ ಪಿನ್ನನ್ನ ಬಿಡಿಸಿ ತಮ್ಮ ಕೋಣೆಗೆ ತಂತಿ ಎಳೆದಿದ್ದಾರೆ. ಪ್ರಸಾರ ಇಲ್ಲದ ಹೊತ್ತಲ್ಲಿ ಕೂತು ನೋಡೋಕೆ! ಬಣ್ಣದವರು ಬಂದಾಗ, ಗೋಡೆ ಮೇಲಿನ ಆ ತಂತಿ ಕಣ್ಣಿಗೆ ಬೀಳುತ್ತೆ ಅಂತ ಹೆದರಿ ಕಿತ್ತಿದ್ದಾರೆ. ಪಿನ್ನನ್ನ ಮಾತ್ರ ಹಾಗೇ ಬಿಟ್ಟಿದ್ದಾರೆ. ಎಲ್ಲಿಗೂ ಕಟ್ಟದ ಪಿನ್ನು ಸುಮ್ನಿರಲ್ಲ. ಪಕ್ಕದಲ್ಲಿ ದೊಡ್ಡ ದೀಪ ಹೊತ್ತಿದ್ರೂ ಸಾಕು, ಯಾರೋ ಒತ್ತಿದ ಹಾಗೇ ಆಡುತ್ತೆ. ಇವತ್ತು ಆಗಿದ್ದು ಅದೇ."

"ಯಾರು?" ಅತ್ತಿಗೆ ಮುಂದೆ ಬಂದಳು.

"ಒಂದು ಪಿನ್ ಬಿಟ್ಟಿದೆ ಅಂದೆ, ಅಷ್ಟೆ. ಯಾವುದು ಅಂತ ಹೇಳಲಿಲ್ಲ. ಚಿಪ್ಪಿನ ಸುತ್ತ ಸಾಲುಸಾಲು ಪಿನ್ನುಗಳು. ಬಿಟ್ಟಿದ್ದು ಬಳಸದ ಪಿನ್ನೇ ಅಂತ ದೂರದ ಬಾಗಿಲಲ್ಲಿ ನಿಂತವರಿಗೆ ಹೇಗೆ ಗೊತ್ತಾಯ್ತು — ಮೇಷ್ಟ್ರೇ?"

ಮೇಷ್ಟ್ರ ಮುಖ ಸುಣ್ಣ ಬಳಿದಂತಾಯಿತು. ಹೊರಗೆ ಹೋಗಲು ತಿರುಗಿದ. ಮ್ಯಾನೇಜರ್ ಬಾಗಿಲಿಗೆ ಅಡ್ಡ ನಿಂತು ಪೊಲೀಸರಿಗೆ ಫೋನ್ ಹಚ್ಚಿದ.

ಅತ್ತಿಗೆ ಮೈದುನನ ಬಳಿ ಬಂದಳು. "ನಿನ್ನನ್ನೇ ಅಂದುಬಿಟ್ಟೆನಲ್ಲೋ..."

"ಬಿಡಿ ಅತ್ತಿಗೆ. ಬೆಳಿಗ್ಗೆ ನಾನೂ ಬಾಯಿಗೆ ಬಂದಿದ್ದು ಅಂದೆ." ಅವನು ಅವಳ ಚೀಲ ಎತ್ತಿಕೊಂಡ. "ಇವತ್ತು ನೀವು ಓದೋದು ಬೇಡ. ಮನೆಗೆ ಹೋಗೋಣ."

"ಯಾಕೆ? ನಾಚಿಕೆ ಪಡಬೇಕಾದೋನು ಅವನು," ಎಂದಳು ಅತ್ತಿಗೆ. ಇಂಜಿನಿಯರ್ ಪಿನ್ನನ್ನು ಗ್ರೌಂಡಿಗೆ ಬೆಸೆದು ಮುಗಿಸಿದ್ದಳು. ಅತ್ತಿಗೆ ಮುಖ ತೊಳೆದು ಬಂದು, ಬಣ್ಣ ಹಚ್ಚದೆಯೇ ಸ್ಟುಡಿಯೋದ ಕುರ್ಚಿಯಲ್ಲಿ ಕೂತಳು. "ಅತ್ತಿದ್ದನ್ನ ಊರು ನೋಡ್ತು. ಯಾಕೆ ನೋಡಬೇಕಾಯ್ತು ಅಂತ ನನ್ನ ಬಾಯಿಂದಲೇ ಕೇಳಲಿ. ಒತ್ತೋ!"

ಅವನು ಒತ್ತಿದ.