ಶುಕ್ರವಾರದ ಸಗಣಿ

2024ರ ನವೆಂಬರ್ 16, ಶನಿವಾರ, ಬೆಳಗ್ಗೆ ಆರು ಗಂಟೆ ಹತ್ತು ನಿಮಿಷ. ಜಂಗಮಕೋಟೆಯ ಮುನೇಶನ ಕೊಟ್ಟಿಗೆಯಲ್ಲಿ ಪದ್ಮಶ್ರೀ ತೂಕದ ಯಂತ್ರದಿಂದ ಬಕೆಟ್ ಇಳಿಸಿ, ಮತ್ತೆ ಇಟ್ಟಳು. ಅಂಕಿ ಬದಲಾಗಲಿಲ್ಲ. ಹದಿನಾಲ್ಕು ಕಿಲೋ.

ಹಿಂದಿನ ನಾಲ್ಕೂ ದಿನ ಅವನ ಹಸು ಚುಕ್ಕಿ ಹದಿನೆಂಟು ಕಿಲೋಗೆ ಕಡಿಮೆ ಸಗಣಿ ಹಾಕಿರಲಿಲ್ಲ. ರೇಷ್ಮೆ ಹುಳು ತಿಂದು ಬಿಟ್ಟ ಹಿಪ್ಪುನೇರಳೆ ಸೊಪ್ಪನ್ನು ಹಸು ಎಷ್ಟು ಜೀರ್ಣಿಸಿಕೊಳ್ಳುತ್ತದೆ ಎಂಬುದೇ ಪದ್ಮಶ್ರೀಯ ಪಿಎಚ್‌.ಡಿ. ಒಳಗೆ ಹೋದದ್ದನ್ನು ತೂಗಬೇಕು, ಹೊರಗೆ ಬಂದದ್ದನ್ನು ತೂಗಬೇಕು. ಸತತ ಏಳು ದಿನ, ಒಂದು ಹಿಡಿಯೂ ಆಚೆ ಹೋಗದಂತೆ.

"ತಿಂದಿದ್ದು ಅಷ್ಟೇ, ಸಗಣಿ ಕಮ್ಮಿ. ಅಂದ್ರೆ ಜೀರ್ಣ ಜಾಸ್ತಿ ಆಗಿದೆ. ನಮ್ಮ ಗೈಡ್ ಕುಣಿದಾಡ್ತಾರೆ."

ಮುನೇಶ್ ಹಾಲಿನ ಕ್ಯಾನಿನ ಮುಚ್ಚಳ ಒರೆಸುತ್ತಿದ್ದ. ಒರೆಸಿದ್ದನ್ನೇ ಒರೆಸುತ್ತಿದ್ದ. ದಿನವೂ ಈ ಹೊತ್ತಿಗೆ "ಮೇಡಂ, ಸಗಣಿ ಎತ್ತೋಕೆ ಇಷ್ಟು ಓದ್ಬೇಕಿತ್ತಾ?" ಎಂದು ಛೇಡಿಸಿ, ಅವಳು ಕಣ್ಣು ಬಿಟ್ಟರೆ ಹಸುವಿನ ಹಿಂದೆ ಮುಖ ಮರೆಸಿ ನಗುವವನು ಇವತ್ತು ತಲೆ ಎತ್ತಲಿಲ್ಲ.

"ಮುನೇಶ್, ನಿನ್ನೆ ನಾನು ಶಿಡ್ಲಘಟ್ಟಕ್ಕೆ ಹೋದಾಗ ಏನಾಯ್ತು?"

"ಅಮ್ಮ ಅಂಗಳ ಸಾರಿಸಿದ್ರು."

"ಚುಕ್ಕಿ ಸಗಣೀಲಾ? ಬೇರೆ ಹಸುದು ಇರ್ಲಿಲ್ವಾ?"

"ಅದು ತಿಪ್ಪೆಗೆ ಹೋಗಿತ್ತು. ನಿಮ್ದು ಬಕೆಟ್‌ನಲ್ಲಿ ನೀಟಾಗಿತ್ತು."

"ಲೇಬಲ್ ಹಾಕಿದ್ನಲ್ರೀ!"

"ಅಮ್ಮ ಲೇಬಲ್ ಓದಲ್ಲ ಮೇಡಂ."

"ಶುಕ್ರವಾರ ಅಂತ ಸಾರಿಸಿದ್ರಾ?"

ಹೌದು ಎಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಮುನೇಶ್ ಮುಚ್ಚಳ ಕೆಳಗಿಟ್ಟ.

"ಅಲ್ಲ. ಚಿಂತಾಮಣಿಯಿಂದ ಹೆಣ್ಣಿನ ಕಡೆಯವರು ಮನೆ ನೋಡೋಕೆ ಬಂದಿದ್ರು."

ಪದ್ಮಶ್ರೀ ಅಂಗಳದ ಕಡೆ ನೋಡಿದಳು. ಮುನೇಶನ ಅಮ್ಮ ಅಶ್ವತ್ಥಮ್ಮನ ಬೆರಳುಗಳು ಎಳೆದ ಕಮಾನುಗಳು ಒಣಗಿ ಸಾಲಾಗಿ ಕೂತಿದ್ದವು. ಅವಳು ಪುಸ್ತಕದಲ್ಲಿ ಐದನೇ ದಿನದ ಸಾಲಿಗೆ ಪೆನ್ಸಿಲ್ ಇಟ್ಟಳು, ಏನೂ ಬರೆಯಲಾಗಲಿಲ್ಲ.

"ಒಪ್ಪಿದ್ರಾ?"

"ಮನೆ ಒಪ್ಪಿದ್ರು."

"ನೀವು?"

"ಒಪ್ಪಲಿಲ್ಲ. ಅಮ್ಮಂಗೆ ನಿನ್ನೇನೇ ಹೇಳ್ದೆ."

"ಏನಂತ?"

"ಬೆಳಗ್ಗೆ ಆರಕ್ಕೆ ಸಗಣಿ ತೂಗೋಕೆ ಬರ್ತಾರಲ್ಲ, ಅವ್ರು ಏಳನೇ ದಿನ ಹೊರಟೋಗ್ತಾರೆ. ಆಮೇಲೆ ನಂಗೆ ಬೆಳಗ್ಗೆ ಆರು ಗಂಟೆ ಆದ್ರೂ ಒಂದೇ, ಆಗದಿದ್ರೂ ಒಂದೇ ಅಂತ."

ಪದ್ಮಶ್ರೀ ಚುಕ್ಕಿಯ ಹಣೆಯ ಬಿಳಿ ಮಚ್ಚೆಯನ್ನು ಸವರಿದಳು. ಆಮೇಲೆ ನಾಲ್ಕೂ ದಿನದ ಅಂಕಿಗಳ ಮೇಲೆ ಅಡ್ಡ ಗೆರೆ ಎಳೆದಳು.

"ಅಯ್ಯೋ, ಯಾಕೆ ಮೇಡಂ?"

"ಒಂದು ದಿನ ತಪ್ಪಿದ್ರೆ ಎಲ್ಲಾ ತಪ್ಪಿದಂಗೇ. ಮೊದಲಿಂದ ಶುರು. ಏಳು ದಿನ."

"ಏಳೇನಾ?"

"ಏಳು ಸಾಲಲ್ಲ ಅನ್ಸುತ್ತೆ."

ಈಗ ಅವನು ತಲೆ ಎತ್ತಿದ. ಮುಖ ಮರೆಸಲು ಹಸುವಿನ ಹಿಂದೆ ಹೋಗಲಿಲ್ಲ.

ಡಿಸೆಂಬರ್ 8, ಭಾನುವಾರ. ಗೌರಿಬಿದನೂರಿನಿಂದ ಹೊರಟ ಬಸ್ಸಿನಲ್ಲಿ ಅಪ್ಪ ಅಮ್ಮನ ಪಕ್ಕ ಕೂತಿದ್ದ ಪದ್ಮಶ್ರೀಯ ಫೋನಿಗೆ ಅಶ್ವತ್ಥಮ್ಮನ ದನಿ ಬಂತು: "ನಿಮ್ಮಪ್ಪ ಅಮ್ಮ ಮನೆ ನೋಡೋಕೆ ಬರ್ತಾರಲ್ಲ, ಅಂಗಳ ಸಾರಿಸ್ತಿದ್ದೀನಿ ಕಣಮ್ಮ. ಈ ಸಲ ತೂಗೇ ತಗೊಂಡಿದ್ದೀನಿ, ಬೈಬೇಡ. ಬರ್ಕೋ."

ಅದರ ಹಿಂದೆಯೇ ಮುನೇಶ್ ತೂಕದ ಯಂತ್ರದ ಫೋಟೊ ಕಳಿಸಿದ್ದ.

ನಾಲ್ಕು ಕಿಲೋ ನೂರ ಇಪ್ಪತ್ತು ಗ್ರಾಂ.