ಅಬ್ಬಾನ ಕಿವಿ ಪರೀಕ್ಷೆ

"ಇಲ್ಲೂ ಆಗಲ್ವಂತೆ," ಎನ್ನುತ್ತ ಸಾಬ್ರೀನ್ ಬಚ್ಚಲಿನಿಂದ ಹೊರಗೆ ಬಂದಳು. ಕೈಯಲ್ಲಿದ್ದ ಮೊಬೈಲಿನಲ್ಲಿ ಮತ್ತೆ ಅದೇ ಕೆಂಪು ಪಟ್ಟಿ: 'ಇಲ್ಲಿ ಶಬ್ದ ಜಾಸ್ತಿ ಇದೆ. ಸದ್ದಿಲ್ಲದ ಜಾಗಕ್ಕೆ ಹೋಗಿ.'

ಹಿತ್ತಿಲು ಆಯಿತು, ತಾರಸಿ ಆಯಿತು, ಈಗ ಬಚ್ಚಲೂ ಆಯಿತು. ಶಿಡ್ಲಘಟ್ಟದ ಆ ಬೀದಿಯಲ್ಲಿ ಸದ್ದಿಲ್ಲದ ಜಾಗವನ್ನು ಎಲ್ಲಿಂದ ತರುವುದು? ಎಡಗಡೆ ರೇಷ್ಮೆ ನೂಲು ತೆಗೆಯುವ ಮಷೀನು, ಬಲಗಡೆ ಇನ್ನೊಂದು, ಎದುರಿಗೆ ಎರಡು. ಭಾನುವಾರವೂ ಗರಗರ.

"ಆ ಫೋನಿಗೇ ಕಿವಿ ಸರಿಯಿಲ್ಲ," ಅಂದರು ಅಬ್ಬಾ ದಸ್ತಗಿರ್. "ನನಗೆಲ್ಲ ಕೇಳಿಸ್ತದೆ ಅಂತ ಬರ್ಕೊ. ಮುಗೀತು."

ಅಮ್ಮಿ ಅವರ ಎದುರಿಗೆ ಬಂದು ನಿಂತರು. "ಹಾಗಾದ್ರೆ ಟ್ಯಾಂಕರ್ ಹಾರನ್ ಯಾಕೆ ಕೇಳಿಸ್ಲಿಲ್ಲ?"

ಹೋದ ವಾರ ನೀರಿನ ಟ್ಯಾಂಕರ್ ಹಿಂದಿನಿಂದ ಎಷ್ಟು ಹಾರನ್ ಹೊಡೆದರೂ ಅಬ್ಬಾ ದಾರಿ ಬಿಟ್ಟಿರಲಿಲ್ಲ. ಡ್ರೈವರ್ ಬ್ರೇಕ್ ಒತ್ತಿದ್ದಕ್ಕೆ ಉಳಿದುಕೊಂಡರು.

ಅದು ಗೊತ್ತಾಗಿ ಆಶಾ ಕಾರ್ಯಕರ್ತೆ ಯಶೋಧರಾ ಅಮ್ಮಿಯ ಮೊಬೈಲಿಗೆ ಕಿವಿ ಪರೀಕ್ಷೆಯ ಈ ಆಪ್ ಹಾಕಿಕೊಟ್ಟಿದ್ದರು. "ಸಾಬ್ರೀನ್, ನೀನೇ ಡಾಕ್ಟರಮ್ಮ. ಟೆಸ್ಟ್ ಮುಗಿದ್ಮೇಲೆ ಕೆಂಪು ಗೆರೆ ಬಂದ್ರೆ ಕಳಿಸು. ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಹೋಗ್ತದೆ. ಕಿವಿಗೆ ಹಾಕ್ಕೊಳ್ಳೋ ಮಷೀನಿಗೆ ಅಬ್ಬಾನ ಹೆಸರು ಸೇರಿಸ್ತಾರೆ. ಭಾನುವಾರ ಸಾಯಂಕಾಲ ಆದ್ಮೇಲೆ ಪಟ್ಟಿ ಕ್ಲೋಸ್."

ಭಾನುವಾರ ಸಾಯಂಕಾಲ ಇನ್ನೇನು ಬಂದೇ ಬಿಟ್ಟಿತ್ತು.

ಅಷ್ಟರಲ್ಲಿ ಕರೆಂಟ್ ಹೋಯಿತು.

ಎಡಗಡೆಯ ಮಷೀನು ಗೊಣಗುತ್ತ ನಿಂತಿತು. ಬಲಗಡೆಯದೂ ನಿಂತಿತು. ಇಡೀ ಬೀದಿ ಉಸಿರು ಹಿಡಿದಂತಾಯಿತು. ಮೂರನೇ ಮನೆಯಲ್ಲಿ ಚಮಚ ಬಿದ್ದದ್ದು ಸಾಬ್ರೀನಳಿಗೆ ಕೇಳಿಸಿತು. ತಾರಸಿಯ ಮೇಲೆ ಪಾರಿವಾಳ ಹೆಜ್ಜೆ ಇಡುವುದೂ ಕೇಳಿಸಿತು. ತನ್ನ ಬೀದಿಯಲ್ಲಿ ಇಷ್ಟೆಲ್ಲ ಸಣ್ಣ ಸದ್ದುಗಳು ಇವೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ.

ಮೊಬೈಲಿನ ಕೆಂಪು ಪಟ್ಟಿ ಹಸಿರಾಯಿತು.

"ಅಬ್ಬಾ, ಬೇಗ ಬನ್ನಿ." ಅವಳು ಅವರ ಕಿವಿಗೆ ಇಯರ್‌ಫೋನ್ ಸಿಕ್ಕಿಸಿದಳು. "ಸೌಂಡ್ ಕೇಳಿಸಿದ್ರೆ ಬೆರಳೆತ್ತಿ. ಅಷ್ಟೇ."

ಫೋನು ಸದ್ದು ಕಳಿಸಿದಾಗಲೆಲ್ಲ ಸ್ಕ್ರೀನಿನ ಮೇಲೆ ಒಂದು ಪುಟ್ಟ ನೀಲಿ ಅಲೆ ಓಡುತ್ತಿತ್ತು. ಅದು ಕಾಣುವುದು ಸಾಬ್ರೀನಳಿಗೆ ಮಾತ್ರ. ಅಲೆ ಬಂತು, ಅಬ್ಬಾ ಬೆರಳೆತ್ತಿದರು. ಇನ್ನೊಂದು ಬಂತು, ಮತ್ತೆ ಎತ್ತಿದರು. ಸೊಳ್ಳೆಯ ದನಿಯಷ್ಟು ತೆಳ್ಳಗಿನ ಸದ್ದಿಗೂ ಬೆರಳು ಮೇಲೆ.

"ಫಸ್ಟ್ ಕ್ಲಾಸ್ ಅಬ್ಬಾ," ಅಂದಳು ಅವಳು. ಅವರು ಹುಬ್ಬು ಹಾರಿಸಿದರು.

ಆಗ ಅವಳ ಕಾಲಿಗೆ ಇರುವೆ ಕಚ್ಚಿತು. ಮುಖ ಕಿವುಚಿದಳು. ಅಲೆ ಬಂದಿರಲಿಲ್ಲ. ಆದರೂ ಅಬ್ಬಾನ ಬೆರಳು ಮೇಲೆದ್ದಿತು.

ಸಾಬ್ರೀನ್ ಮೆಲ್ಲಗೆ, ಬೇಕೆಂದೇ ಕಣ್ಣರಳಿಸಿದಳು. ಬೆರಳು ಎದ್ದಿತು. ಮುಂದಿನ ಅಲೆ ಬಂದಾಗ ಕಲ್ಲಿನಂತೆ ಕೂತಳು. ಬೆರಳು ಏಳಲಿಲ್ಲ.

"ಕಿವೀಲಲ್ಲ, ನನ್ನ ಮುಖ ನೋಡ್ಕೊಂಡು ಪಾಸಾಗ್ತಿದ್ದೀರಾ?"

ಅಬ್ಬಾ ಸಿಕ್ಕಿಬಿದ್ದ ಹುಡುಗನಂತೆ ನಕ್ಕರು. "ನಿನ್ನ ಮುಖ ನನಗೆ ಬಾಯಿಪಾಠ ಕಣೇ. ಸುಳ್ಳು ಹೇಳುವಾಗ ಮೂಗಿನ ಹೊಳ್ಳೆ ಚೂರು ಅಗಲ ಆಗ್ತದೆ."

ಸಾಬ್ರೀನ್ ತಟ್ಟನೆ ಮೂಗು ಮುಚ್ಚಿಕೊಂಡಳು. ಆಮೇಲೆ ಅಬ್ಬಾನನ್ನು ತಿರುಗಿಸಿ ಕೂರಿಸಿದಳು. ಅವರ ಬೆನ್ನಿಗೆ ತನ್ನ ಬೆನ್ನು ಒರಗಿಸಿದಳು. ಕೇಳಿಸಿದರೆ ಬೆನ್ನಿನಿಂದ ಒಂದು ಸಲ ತಳ್ಳಬೇಕು.

ಅಲೆ ಬಂತು. ಬೆನ್ನು ಅಲುಗಲಿಲ್ಲ.

ಇನ್ನೊಂದು ಬಂತು, ಇನ್ನೂ ಜೋರಿನದು. ಅಬ್ಬಾನ ಉಸಿರು ಮಾತ್ರ ಬೆನ್ನಿಗೆ ತಾಗುತ್ತಿತ್ತು. ಅಲೆಗಳು ಒಂದರ ಹಿಂದೆ ಒಂದು ಓಡಿದವು. ಕೊನೆಗೆ, ಸ್ಕ್ರೀನು ತುಂಬುವಷ್ಟು ದೊಡ್ಡ ಅಲೆಗೆ ಬೆನ್ನು ಮೆಲ್ಲಗೆ ತಳ್ಳಿತು.

ಸ್ಕ್ರೀನಿನ ಮೇಲೆ ಎರಡೂ ಕಿವಿಗೆ ಕೆಂಪು ಗೆರೆ.

ಅಬ್ಬಾ ತಿರುಗಿ ನೋಡಿದರು. "ಅಳಿಸಿಬಿಡು. ನಾನು ನೂಲು ತೆಗೆಯೋ ಕಡೆ ಮಾಲೀಕರಿಗೆ ಗೊತ್ತಾದ್ರೆ ಕಿವುಡ ಬೇಡ, ಮನೇಲಿರು ಅಂತಾರೆ."

"ಇದು ಡಾಕ್ಟರಿಗೆ ಹೋಗೋದು."

"ಮಷೀನು ಕಿವೀಲಿಟ್ಕೊಂಡು ಕೆಲಸಕ್ಕೆ ಹೋದ್ರೆ ಕಾಣಲ್ವೇನಮ್ಮ?"

ಸಾಬ್ರೀನ್ ಕೇಳಿದಳು. "ಅಬ್ಬಾ, ಅಲ್ಲಿ ಮಷೀನಿಗೆ ದಿನಾ ಎಣ್ಣೆ ಹಾಕ್ತಾರಲ್ಲ. ನಿಮ್ಮ ಕಿವಿಗೆ ಒಂದು ಚೂರು ಹತ್ತಿನಾದ್ರೂ ಕೊಟ್ಟಿದ್ರಾ?"

ಅಬ್ಬಾ ಅವಳ ತುಟಿಯನ್ನೇ ನೋಡುತ್ತಿದ್ದರು. ಇಪ್ಪತ್ತೆರಡು ವರ್ಷ ಆ ಗರಗರದ ನಡುವೆ ನಿಂತವರು. ಇಂಥ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ. ಅವರೂ ಯಾರನ್ನೂ ಕೇಳಿರಲಿಲ್ಲ.

"ನನ್ನ ಜೊತೆ ಕೆಲಸ ಮಾಡೋ ಗಂಗುಲಪ್ಪನಿಗೂ ಹೀಗೇ," ಅಂದರು ಕೊನೆಗೆ. "ಅಲ್ಲಿ ಹನ್ನೆರಡು ಜನಾನೂ ಬಾಯಿ ನೋಡ್ಕೊಂಡೇ ಮಾತಾಡೋದು. ಜೋಕೂ ಹಂಗೇ."

ಸಾಬ್ರೀನ್ ಬೆರಗಾಗಿ ಕೂತಳು. ರೇಷ್ಮೆಗೂಡು ಬೇಯುವ ಬಿಸಿನೀರಿನ ಹಬೆ, ಕಿವಿ ಹರಿಯುವ ಸದ್ದು, ಅದರ ನಡುವೆ ದನಿಯಿಲ್ಲದೆ ಹರಟೆ ಹೊಡೆದು ನಗುವ ಹನ್ನೆರಡು ಜನ. ಕೂದಲಿಗಿಂತ ತೆಳುವಾದ ಎಳೆ ಕಡಿದರೂ ಬೆರಳಲ್ಲೇ ತಿಳಿದುಕೊಳ್ಳುವವರು. ಅದನ್ನು ಅಳೆಯಲು ಯಾವ ಆಪಿನಲ್ಲೂ ಪಟ್ಟಿ ಇರಲಿಲ್ಲ.

"ಒಬ್ಬನಾದ್ರೆ ಮನೆಗೆ ಕಳಿಸ್ತಾರೆ," ಅಬ್ಬಾ ತಮ್ಮಷ್ಟಕ್ಕೆ ಹೇಳಿಕೊಂಡರು. "ಹನ್ನೆರಡು ಜನಾನೂ ಕಿವಿಗೆ ಹಾಕ್ಕೊಂಡು ಹೋದ್ರೆ ಯಾರನ್ನ ಕಳಿಸ್ತಾರೆ? ನೂಲು ಯಾರು ತೆಗೀತಾರೆ?" ಅವರು ಫೋನಿನ ಕಡೆ ಕೈ ತೋರಿಸಿದರು. "ಕಳಿಸು. ಇನ್ನೊಂದು ಪಟ್ಟಿ ತೆಗೀತಾರಾ ಅಂತ ಆಶಾ ಮೇಡಮ್ಮನ್ನ ಕೇಳು. ಗಂಗುಲಪ್ಪನ್ನ ನಾನು ಕರ್ಕೊಂಡು ಬರ್ತೀನಿ."

ಸಾಬ್ರೀನ್ ಒತ್ತಿದಳು. ಕೆಂಪು ಗೆರೆಗಳು ಕ್ಷಣದಲ್ಲಿ ಚಿಕ್ಕಬಳ್ಳಾಪುರ ಸೇರಿದವು. ಬಸ್ಸಿಲ್ಲ, ಚೀಟಿಯಿಲ್ಲ, ಕ್ಯೂ ಇಲ್ಲ. ಅಬ್ಬಾ ಯಾರಿಗೂ ಹೇಳದ ಮಾತು ಒಂದು ಹಸಿರು ಟಿಕ್ ಆಗಿ ನಿಂತಿತ್ತು.

ಅಬ್ಬಾ ಎದ್ದು ಹೊಸ್ತಿಲಲ್ಲಿ ಕೂತು ಬೀದಿ ನೋಡತೊಡಗಿದರು.

ಅಮ್ಮಿ ಟೀ ತಂದರು. ಕರೆಯಲಿಲ್ಲ. ಅವರ ಹೆಗಲನ್ನು ಎರಡು ಬೆರಳಿನಿಂದ ಮುಟ್ಟಿದರು. ಅಬ್ಬಾ ತಿರುಗಿ ತಮ್ಮ ಮುಖ ನೋಡುವವರೆಗೆ ಕಾದು, ಆಮೇಲೆ ಕೇಳಿದರು, "ಸಕ್ಕರೆ ಸಾಕಾ?"

ದಿನಾ ಸಾಯಂಕಾಲ ಅಮ್ಮಿ ಹೀಗೇ ಮಾಡುತ್ತಿದ್ದರು; ಯಾಕೆಂದು ಸಾಬ್ರೀನಳಿಗೆ ಹೊಳೆದದ್ದು ಈಗ. ಅವಳು ಆ ಎರಡು ಬೆರಳನ್ನೇ ನೋಡುತ್ತ ನಿಂತಳು.